ಕೊಂಬಕ್ಕನ ಗಾಡಿಯ ವಿಮೆ

ಅಚ್ಚುಕೂಟದಲ್ಲಿ ಎಲ್ಲರೂ ಆಕೆಯನ್ನು ಕೊಂಬಕ್ಕ ಅನ್ನುತ್ತಿದ್ದರು. ಕರಡು ತಿದ್ದುವ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಕೊಂಬು, ಒಂದೇ ಒಂದು ಒತ್ತಕ್ಷರ ಕಣ್ತಪ್ಪಿ ಹೋಗಲು ಬಿಟ್ಟವಳಲ್ಲ. 'ಈಕೆಗೇನು ತಲೆ ಮೇಲೆ ಎರಡು ಕೊಂಬಿದೆಯಾ' ಎಂದು ಬೆನ್ನ ಹಿಂದೆ ಗೊಣಗಿದವರೂ ಉಂಟು. ಅದು ಅವಳ ಕಿವಿಗೂ ಬಿದ್ದಿತ್ತು. ಬೈದರೆ ಬೈಯಲಿ, ಕಾಗುಣಿತ ಸರಿಯಾಗಿದ್ದರೆ ಸಾಕು ಅನ್ನುವ ಸ್ವಭಾವ. ಅಂಥವಳು ಈ ಸಲ ಸರಿಯಾಗಿ ಬರೆದೇ ಕೆಟ್ಟಳು.

ಅವಳ ಎರಡೂ ಕಾಲಿಗೆ ಚಿಕ್ಕಂದಿನಿಂದ ಬಲವಿಲ್ಲ. ಮನೆಯೊಳಗೆ ಊರುಗೋಲು, ಹೊರಗೆ ಗಾಡಿ. ಗಾಡಿ ಅಂದರೆ ಒಂದು ಹಳೆಯ ಬೂದು ಬಣ್ಣದ ಕಾರು, ಸ್ಟೀರಿಂಗಿನ ಪಕ್ಕದಲ್ಲಿ ಒಂದು ಉಕ್ಕಿನ ಹಿಡಿ. ಎಳೆದರೆ ಕಾರು ಓಡುತ್ತದೆ, ಒತ್ತಿದರೆ ನಿಲ್ಲುತ್ತದೆ, ಕಾಲಿಗೆ ಕೆಲಸವೇ ಇಲ್ಲ. ಆ ಹಿಡಿ ಮಾಡಿಕೊಟ್ಟವನು ಗಡಿಯಾಚೆಯ ದೇಶದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಅವಳ ಅಣ್ಣ. ಕಾರು ಕೊಂಡದ್ದೂ ಅಲ್ಲೇ, ನಂಬರೂ ಅಲ್ಲಿಯದೇ. ಹಾಗಾಗಿ ವರ್ಷಕ್ಕೊಮ್ಮೆ ತಪಾಸಣೆಗೆಂದು ಏಳು ಗಂಟೆ ಓಡಿಸಿಕೊಂಡು ಆಚೆ ಹೋಗಬೇಕು, ಅಣ್ಣನ ಮನೆಯಲ್ಲಿ ಮೂರು ದಿನ ಇರಬೇಕು, ವಾಪಸು ಬಂದು ವಾರವಿಡೀ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳಬೇಕು. ಇಲ್ಲಿಯ ನಂಬರು ಹಾಕಿಸಿದರಾಗದೇ ಎಂದು ಅವಳು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ.

"ಕೈಯಲ್ಲಿ ಮಾಡಿದ ಹಿಡಿ ಕಣೇ ಅದು. ನಿಮ್ಮ ದೇಶದವರು ಒಪ್ಪಲ್ಲ, ಕಿತ್ತುಹಾಕು ಅಂತಾರೆ" ಎಂದು ಅಣ್ಣ ಪ್ರತಿ ಸಲವೂ ಬಾಯಿ ಮುಚ್ಚಿಸುತ್ತಿದ್ದ. ಹನ್ನೊಂದು ವರ್ಷ ಹೀಗೇ ಕಳೆದಿತ್ತು.

ವಿಮೆಯ ಅರ್ಜಿಯನ್ನೂ ಅವನೇ ತುಂಬುತ್ತಿದ್ದ. ಈ ವರ್ಷ ಅವನ ಕಣ್ಣಿನ ಪೊರೆ ತೆಗೆಸಿದ್ದರಿಂದ ಅರ್ಜಿ ತಂಗಿಯ ಮೇಜಿಗೆ ಬಂತು. 'ರಾತ್ರಿ ವೇಳೆ ವಾಹನ ಎಲ್ಲಿ ನಿಲ್ಲುತ್ತದೆ?' ಎಂದು ಅದರಲ್ಲೊಂದು ಪ್ರಶ್ನೆ. ಇಷ್ಟು ವರ್ಷ ಅಣ್ಣ ಅಲ್ಲಿ ತನ್ನ ವಿಳಾಸ ಗೀಚುತ್ತಿದ್ದನೆಂದು ಇವಳಿಗೇನು ಗೊತ್ತು? ತನ್ನ ಬೀದಿ, ಮನೆ ನಂಬರು, 'ನೀರಿನ ಟ್ಯಾಂಕಿನ ಪಕ್ಕ' ಅನ್ನುವುದನ್ನೂ ಸೇರಿಸಿ ಮುತ್ತು ಪೋಣಿಸಿದ ಹಾಗೆ ಬರೆದು ಕಳಿಸಿದಳು. ಹತ್ತು ದಿನಕ್ಕೆ ಉತ್ತರ ಬಂತು. ತಾವು ನಮ್ಮ ದೇಶದ ನಿವಾಸಿಯಲ್ಲದ ಕಾರಣ ವಿಮೆಯನ್ನು ಮುಂದುವರಿಸಲಾಗದು, ಶನಿವಾರಕ್ಕೆ ಮುಕ್ತಾಯ.

ವಿಮೆ ಇಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಅಚ್ಚುಕೂಟ ಇರುವುದು ಊರ ಹೊರಗೆ. ಬಸ್ಸಿಗೆ ಮೂರು ಮೆಟ್ಟಿಲು, ಅವಳ ಪಾಲಿಗೆ ಅದು ಬೆಟ್ಟ. ಗಾಡಿ ನಿಂತರೆ ಕೆಲಸ ನಿಂತ ಹಾಗೆ. ಯಾರದ್ದಾದರೂ ಕೈ ಕಾಯುತ್ತಾ ಮನೆಯಲ್ಲಿ ಕೂರಬೇಕು, ಅಷ್ಟೇ.

ಮಂಗಳವಾರ ಊಟದ ಬಿಡುವಿನಲ್ಲಿ ಫೋನು ಹಿಡಿದು ಕೂತಳು. ಮೊದಲ ಕಂಪನಿ, ಬೇರೆ ದೇಶದ ನಂಬರು ಎಂದ ಕೂಡಲೇ ಇಟ್ಟುಬಿಟ್ಟಿತು. ಎರಡನೆಯದು ಅರ್ಧ ಗಂಟೆ ಸಂಗೀತ ಕೇಳಿಸಿ ಕೈಬಿಟ್ಟಿತು. ಮೂರನೆಯದು ಅವಳನ್ನು ವಿಶೇಷ ವಾಹನಗಳ ವಿಭಾಗಕ್ಕೆ ದಾಟಿಸಿತು.

"ವೇಗಕ್ಕೆ ಬೇರೆ ಹಿಡಿ ಹಾಕಿಸಿದ್ದೀರಿ. ರೇಸಿಗೆ ಹೋಗ್ತೀರಾ ಮೇಡಂ?" ಎಂದ ಅಲ್ಲಿಯವನು.

"ಹೂಂ ಕಣಪ್ಪಾ. ದಿನಾ ಬೆಳಗ್ಗೆ ಎಂಟೂವರೆಗೆ, ಹಾಲಿನ ಲಾರಿ ಹಿಂದೆ."

ಆಚೆ ಟಕಟಕ ಸದ್ದಾಯಿತು. ಪುಣ್ಯಾತ್ಮ ಅದನ್ನೂ ಬರೆದುಕೊಂಡ! ಸಂಜೆಯೊಳಗೆ ಇಮೇಲಿನಲ್ಲಿ ಪತ್ರ ಬಂತು, ರೇಸ್ ಕಾರುಗಳನ್ನು ದಿನಬಳಕೆಗೆ ವಿಮೆ ಮಾಡುವುದಿಲ್ಲ ಎಂದು. ಅದರಲ್ಲಿ 'ದಿನಬಳಕೆ'ಯ ಳಕಾರ ತಪ್ಪಾಗಿತ್ತು. ತಿದ್ದುವಷ್ಟು ಉಸಿರೂ ಅವಳಲ್ಲಿ ಉಳಿದಿರಲಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ಪೇಟೆಯ ಒಬ್ಬ ವಿಮೆ ಏಜೆಂಟನ ಬಳಿ ಹೋದಳು. ಬೆನ್ನು ಬಾಗಿದ ಹಿರಿಯ, ಮೇಜಿನ ತುಂಬ ಕಡತ. ಆತ ಕುರ್ಚಿ ಬಿಟ್ಟು ಹೊರಗೆ ಬಂದು ಕಾರಿನೊಳಗೆ ಇಣುಕಿ, ಹಿಡಿಯನ್ನು ಒತ್ತಿ, ಎಳೆದು ನೋಡಿದ.

"ಒಳ್ಳೇ ಕೆಲಸಗಾರ ಕಣಮ್ಮ ಇದನ್ನ ಮಾಡಿದವನು. ಇಲ್ಲೇ ನಂಬರು ಹಾಕಿಸಿಬಿಡಿ, ವಿಮೆ ತಾನಾಗೇ ಆಗುತ್ತೆ."

"ಹಿಡಿ ಕೀಳಿಸ್ತಾರಂತಲ್ಲ?"

"ಯಾರು ಹಾಗಂದಿದ್ದು? ಮಾಡಿದವರ ಕೈಯಿಂದ ಒಂದು ಕಾಗದ ಬೇಕು. ಹಿಡಿಯ ಚಿತ್ರ, ಸಹಿ, ಅದನ್ನ ಹೇಗೆ ನೋಡ್ಕೋಬೇಕು ಅಂತ ಒಂದು ಷರತ್ತು. ಹತ್ತು ವರ್ಷದಿಂದ ಇದೇ ನಿಯಮ. ಶುಕ್ರವಾರದೊಳಗೆ ಕಾಗದ ಕೊಡಿ, ನಂಬರು ಬರೋವರೆಗೂ ತಾತ್ಕಾಲಿಕ ವಿಮೆ ನಾನು ಮಾಡಿಸಿಕೊಡ್ತೀನಿ."

ಕೊಂಬಕ್ಕ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಹಿಡಿಯನ್ನು ಎಳೆಯಲಿಲ್ಲ, ಸುಮ್ಮನೆ ಅದರ ಮೇಲೆ ಕೈಯಿಟ್ಟುಕೊಂಡು ಅಣ್ಣನಿಗೆ ಫೋನು ಮಾಡಿದಳು.

"ಒಂದು ಕಾಗದ ಸಾಕಂತೆ ಕಣೋ. ಹತ್ತು ವರ್ಷದಿಂದ ಸಾಕಂತೆ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದ ಅವನು.

"ಹಾಗಾದ್ರೆ ನನ್ನ ಭುಜ ಯಾಕೆ ಮುರಿದೆ? ವರ್ಷಾ ವರ್ಷಾ ಏಳು ಗಂಟೆ! ಮಳೇಲಿ, ಬಿಸಿಲಲ್ಲಿ! ನಿನಗೆ ಕರುಳು ಅನ್ನೋದು ಇದೆಯಾ?"

"ಇಲ್ಲಿಯ ನಂಬರು ಇಲ್ಲದೆ ಹೋಗಿದ್ರೆ ನೀನ್ಯಾಕೆ ನನ್ನ ಮನೆಗೆ ಬರ್ತಿದ್ದೆ?" ಎಂದ ಅಣ್ಣ.

ಅವಳು ಫೋನು ಇಟ್ಟುಬಿಟ್ಟಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನನ್ನು ಗಟ್ಟಿಯಾಗಿ ಬೈದಳು. ಸುಳ್ಳುಬುರುಕ, ಮೊಂಡ, ಹುಟ್ಟಿದಾಗಿನಿಂದ ಹೀಗೇ. ಬೈದು ಬೈದು ಬಾಯಿ ಒಣಗಿದ ಮೇಲೆ, ಬೇಡವೆಂದರೂ ಒಂದು ಯೋಚನೆ ಬಂತು. ತಪಾಸಣೆ ಇಲ್ಲದಿದ್ದರೆ ಹೋಗುತ್ತಿದ್ದೆನೇ? ಹೋಗುತ್ತಿರಲಿಲ್ಲ. ಭುಜನೋವು ಅನ್ನುತ್ತಿದ್ದೆ, ಕೆಲಸ ಅನ್ನುತ್ತಿದ್ದೆ.

ಗುರುವಾರ ಮಧ್ಯಾಹ್ನ ಕಾಗದದ ಫೋಟೋ ಬಂತು. ಹಿಡಿಯ ಚಿತ್ರ ಅಚ್ಚುಕಟ್ಟಾಗಿತ್ತು, ಒಂದೊಂದು ಸ್ಕ್ರೂವಿಗೂ ಅಳತೆ. ಅಕ್ಷರ ಮಾತ್ರ ಅಡ್ಡಾದಿಡ್ಡಿ, ಪೊರೆ ತೆಗೆದ ಕಣ್ಣಿನ ಬರವಣಿಗೆ. ಕೊನೆಯಲ್ಲಿ ಷರತ್ತು: 'ಗಾಡಿಯನ್ನು ವರ್ಷಕ್ಕೊಮ್ಮೆ ತಂದು, ತಯಾರಕರು ಖುದ್ದಾಗಿ ಪರೀಕ್ಷಿಸತಕ್ಕದ್ದು.'

ಅವಳು ಎರಡು ಸಲ ಓದಿದಳು. ಎಂಥಾ ಕಿಲಾಡಿ! ಸಿಕ್ಕಿಬಿದ್ದ ಮೇಲೂ ಬಿಡಲಿಲ್ಲವಲ್ಲ. ನಗು ಬಂತು, ನಗುತ್ತಿದ್ದಂತೆ ಕಣ್ಣು ತುಂಬಿತು. ಪಕ್ಕದ ಮೇಜಿನವರು ನೋಡದಿರಲೆಂದು ಕರಡಿನ ಹಾಳೆ ಅಡ್ಡ ಹಿಡಿದುಕೊಂಡಳು.

ಕಾಗದವನ್ನು ಮುದ್ರಿಸಿಕೊಂಡು ಕೆಂಪು ಪೆನ್ನು ತೆಗೆದಳು. ಒಂದು ಅಕ್ಷರ ಹೊಡೆದು ಮೇಲೆ ಇನ್ನೊಂದು ಬರೆದಳು. ಆಮೇಲೆ ಫೋನು ಮಾಡಿದಳು.

"ನಿನ್ನ ಕಾಗದದಲ್ಲಿ ಒಂದು ತಪ್ಪಿದೆ."

"ಅಳತೆನಾ?" ಗಾಬರಿಯಾದ ಅಣ್ಣ.

"ಅಕ್ಷರ. 'ತಂದು' ಅಂತ ಬರೆದಿದ್ದೀಯ. ಅದು 'ಬಂದು' ಆಗ್ಬೇಕು. ತಿದ್ದಿ ಸಹಿ ಹಾಕಿ ಇವತ್ತೇ ಕಳಿಸು."

ಅವನು ಬಾಯೊಳಗೇ ಓದಿಕೊಂಡ. ವರ್ಷಕ್ಕೊಮ್ಮೆ ಬಂದು, ತಯಾರಕರು ಖುದ್ದಾಗಿ. ಎರಡನೆಯ ಸಲ ನಿಧಾನಕ್ಕೆ ಓದಿದ.

"ನಾನು ಬರೋದಾ? ನಿನ್ನ ಮನೆಗೆ? ಇಷ್ಟು ವರ್ಷದಲ್ಲಿ ಒಂದು ಸಲ ಬಾ ಅಂದವಳಲ್ಲ ನೀನು."

ಅದು ನಿಜವೇ. ಅಣ್ಣ ಬಂದರೆ ಬಚ್ಚಲಿಗೊಂದು ಸರಳು, ಹೊಸ್ತಿಲಿಗೊಂದು ಇಳಿಜಾರು ಹಾಕುತ್ತಾ ತನ್ನನ್ನು ಮತ್ತೆ ಎತ್ತಿಕೊಂಡು ತಿರುಗುವ ಕೂಸು ಮಾಡಿಬಿಡುತ್ತಾನೆಂದು ಅವಳಿಗೆ ಹೆದರಿಕೆ. ಅವನೇ ಮಾಡಿಕೊಟ್ಟ ಹಿಡಿ ಎಳೆದುಕೊಂಡು, ಅವನ ಹಂಗಿಲ್ಲದೆ ಬದುಕುತ್ತಿದ್ದೇನೆಂದು ಹನ್ನೊಂದು ವರ್ಷ ಬೀಗಿದ್ದಳು.

"ಅಂದಿಲ್ಲ. ತಪ್ಪು ನಂದೇ" ಎಂದಳು. "ಈಗ ಬರವಣಿಗೆಯಲ್ಲೇ ಕರೀತಿದ್ದೀನಿ ನೋಡು. ನೀನು ಬರದೇ ಇದ್ರೆ ನನ್ನ ವಿಮೆ ನಡೆಯಲ್ಲ."

ಆಚೆ ಅಣ್ಣ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಬಕಾರ ಹೇಗೆ ಬರೀಬೇಕು, ಹೇಳು" ಎಂದ. "ಕಣ್ಣು ಮಂಜಾಗಿದೆ."