ರುಮಾಲಿನ ಅಳತೆ

ಸ್ನಾನ, ನಿದ್ದೆಗಳ ಹೊರತು ಪುಟ್ಟಬಸಪ್ಪನವರ ರುಮಾಲು ತಲೆಯಿಂದ ಇಳಿದದ್ದನ್ನು ಗುಂಡ್ಲುಪೇಟೆಯಲ್ಲಿ ಕಂಡವರಿರಲಿಲ್ಲ. ಅರಿಸಿನದ ವರ್ತಕರು, ಕರಿಯ ಕೋಟಿನ ಜೇಬುಗಳೆರಡೂ ಹಳದಿಗಟ್ಟಿದ್ದವು, ತುಂಬಿದ ಕೊಡ ಹೊತ್ತವರಂತೆ ಕತ್ತು ಅಲುಗದ ಗಂಭೀರ ನಡಿಗೆ. ಯಾವ ಬಾಗಿಲಿಗೂ ಬಾಗದ ಈ ಮಹಾಶಯರು ಮನೆ ಕಟ್ಟಿಸುವಾಗ ರುಮಾಲು ಸಮೇತ ತಾವೇ ನಿಂತು ಬಾಗಿಲ ಎತ್ತರವನ್ನು ಗೊತ್ತುಮಾಡಿದ್ದರು. ಪದ್ಮಿನಿ ಕಾರನ್ನು ಕೊಂಡದ್ದೂ ಅದೇ ಅಳತೆಯಲ್ಲಿ: ಒಳಗೆ ಕೂತರು, ರುಮಾಲು ಚಾವಣಿಗೆ ತಾಗಲಿಲ್ಲ, ವ್ಯಾಪಾರ ಮುಗಿಯಿತು.

ಹೀಗಿರಲು, ೧೯೯೪ರಲ್ಲಿ, ಚಾಮರಾಜನಗರದ ಹೈಸ್ಕೂಲಿಗೆ ಪಾಠ ಹೇಳಲು ದಿನವೂ ಬಸ್ಸಿನಲ್ಲಿ ನೇತಾಡಿ ಸಾಕಾಗಿದ್ದ ಮಗಳು ದಾನೇಶ್ವರಿ ಹಳೆಯದೊಂದು ಮಾರುತಿ ಎಂಟುನೂರನ್ನು ತಂದು ಪದ್ಮಿನಿಯ ಮಗ್ಗುಲಲ್ಲೇ ನಿಲ್ಲಿಸಿಬಿಟ್ಟಳು. ಇನ್ನು ಕೇಳಬೇಕೆ! ತಮ್ಮದು ಸಾವಿರದ ಎಂಬತ್ತೊಂಬತ್ತು ಸಿ.ಸಿ., ನಾಲ್ಕು ಸಿಲಿಂಡರು, ಕಬ್ಬಿಣದಂಥ ಮೈ ಎಂದು ಅಪ್ಪ; ತನ್ನದು ಏಳುನೂರ ತೊಂಬತ್ತಾರೇ ಆದರೂ ಮೈ ಹಗುರ, ಗೇರು ಮೆತ್ತಗೆ, ಲೀಟರಿಗೆ ಓಡುವ ದೂರವೂ ಹೆಚ್ಚು ಎಂದು ಮಗಳು. ಮುದ್ದೆ ತಣ್ಣಗಾಗುತ್ತಿತ್ತು, ವಾದ ಬಿಸಿಯಾಗುತ್ತಿತ್ತು.

"ಮೂರೇ ಸಿಲಿಂಡರಂತೆ. ಮೂರು ಕಾಲಿನ ಎತ್ತ ಕಟ್ಕಂಡು ಯಾರಾರೂ ಉತ್ತಾರೇನಮ್ಮಿ?" ಎನ್ನುವರು.

ಹೆಂಡತಿ ಚಿಕ್ಕಮಲ್ಲಮ್ಮ ಇಬ್ಬರಿಗೂ ಸಮನಾಗಿ ತುಪ್ಪ ಬಡಿಸುತ್ತಿದ್ದರು. ಗಂಡನ ಈ ಹಟದ ತಳದಲ್ಲಿರುವುದು ಬರೀ ಹೆದರಿಕೆಯೆಂದು ಆಕೆಗೆ ಗೊತ್ತಿತ್ತು. ತೆರಕಣಾಂಬಿಯ ದಾರಿಯಲ್ಲಿ ಆ ಬೆಂಕಿಪೊಟ್ಟಣ ಕೆಟ್ಟು ನಿಂತರೆ ಒಂಟಿ ಹೆಣ್ಣುಮಗಳ ಗತಿಯೇನು? ಇದನ್ನು ಬಾಯಿಬಿಟ್ಟು ಹೇಳಿದರೆ ಅವರು ಪುಟ್ಟಬಸಪ್ಪನವರೇ ಅಲ್ಲ.

ಕೊನೆಗೆ ಪಂದ್ಯವೊಂದು ಗೊತ್ತಾಯಿತು. ಪದ್ಮಿನಿ ನಿಲ್ಲದೆ ಏರುತ್ತಿದ್ದ ಗೋಪಾಲಸ್ವಾಮಿ ಬೆಟ್ಟವನ್ನು ಮಾರುತಿಯೂ ನಿಲ್ಲದೆ ಏರಿದರೆ ಅದು ಮನೆಯಲ್ಲಿ ಉಳಿಯಬೇಕು. ನಡುವೆ ಒಮ್ಮೆ ನಿಂತರೂ ಮಾರಿಬಿಡಬೇಕು, ಮಗಳಿಗೆ ಮತ್ತೆ ಅದೇ ಬಸ್ಸು. ದಾನೇಶ್ವರಿ ಹೂಂ ಅಂದಳು.

ಭಾನುವಾರ ಅಪ್ಪ ಮುಂದಿನ ಸೀಟಿನಲ್ಲಿ ವಿರಾಜಮಾನರಾದರು. ಕೂತ ಕೂಡಲೇ ರುಮಾಲು ಚಾವಣಿಗೆ ತಾಗಿತು. ಕಾರು ಅಲ್ಲಿಗೇ ಅರ್ಧ ಸೋತಿತೆಂದು ಅವರ ಮುಖ ಅರಳಿತು. ಹಂಗಳ ದಾಟಿ ಬೆಟ್ಟದ ಏರು ಹಿಡಿದ ಮೇಲೆ, ಒಂದೊಂದು ಗುಂಡಿಗೂ ರುಮಾಲು ಕುಸಿಯುತ್ತ ಹುಬ್ಬಿಗೆ ಬಂತು, ಕಡಿದಾದ ತಿರುವೊಂದರಲ್ಲಿ ಕನ್ನಡಕದ ಮೇಲೇ ಇಳಿಯಿತು. ಮಗಳು ಓರೆಗಣ್ಣಿನಲ್ಲಿ ನೋಡಿದಳು. ಅಪ್ಪ ಹಾಗೆ ಕುಗ್ಗಿ ಕೂತದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಕಾಲು ತಾನಾಗಿ ಬ್ರೇಕಿನ ಕಡೆಗೆ ಸರಿಯಿತು.

"ನಿಲ್ಸನಾ ಅಪ್ಪ?"

ಹೂಂ ಎಂದಿದ್ದರೆ ಗೆಲುವು ಅವರದೇ. ಪುಟ್ಟಬಸಪ್ಪನವರು ಎರಡೂ ಕೈಯಿಂದ ರುಮಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಬೋಳುತಲೆ ಬಿಸಿಲಿಗೆ ಹೊಳೆಯಿತು.

"ಏರಲ್ಲಿ ನಿಲ್ಸ್‌ಬಾರ್ದು ಕಣಮ್ಮಿ. ಓಡ್ಸು."

ಮೂರು ಕಾಲಿನ ಎತ್ತು ಮೊದಲ ಗೇರಿನಲ್ಲಿ ಗುಟುರು ಹಾಕುತ್ತ ನೆತ್ತಿಗೆ ಬಂದು ನಿಂತಿತು. ಅಪ್ಪ ಇಳಿದವರೇ ತಣ್ಣನೆಯ ಗಾಳಿಗೆ ಬೆನ್ನು ಕೊಟ್ಟು ರುಮಾಲು ಸುತ್ತಿಕೊಂಡು, ಏನೇ ಆಗಲಿ ಚಾವಣಿಯ ಎತ್ತರದಲ್ಲಿ ಪದ್ಮಿನಿಗೆ ಸಮ ಇನ್ನೊಂದಿಲ್ಲ ಎಂದು ಘೋಷಿಸಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಮಗಳು ನಕ್ಕು ಒಪ್ಪಿಕೊಂಡಳು.

ಇಂಥವರು ವಾದದಲ್ಲಿ ಸೋಲುವುದಿಲ್ಲ. ಸೋಲುವ ವಿದ್ಯೆಯೇ ಅವರಿಗೆ ಬಾರದು. ಆದರೆ ಮಕ್ಕಳ ಗಾಡಿ ಏರು ಹತ್ತುವಾಗ ಮಾತ್ರ, ಯಾರೂ ಕೇಳದೆಯೇ, ತಲೆಯ ಮೇಲಿನದನ್ನು ತಾವೇ ಇಳಿಸಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.