ಹುಳು ತಿಂದ ಸಾಗುವಾನಿ ಎಲೆ

ಹೊಸನಗರದ ದೀಪಶ್ರೀಗೆ ಮದುವೆ ಬ್ಲೌಸುಗಳ ಮೇಲೆ ನವಿಲು ಹೊಲಿದು ಹೊಲಿದು, ನವಿಲೆಂದರೆ ಮೈಯುರಿಯುವಷ್ಟಾಗಿತ್ತು. ಹೋದ ವರ್ಷ ಸಾಗರದ ಕಸೂತಿ ಪ್ರದರ್ಶನಕ್ಕೆ ಒಂದು ತಾವರೆ ಹೊಲಿದು ಒಯ್ದಿದ್ದಳು. ಆಯ್ಕೆ ಮಾಡುವ ಅಪೇಕ್ಷಾ ಮೇಡಂ, "ಕೈ ಚೆನ್ನಾಗಿದೆ. ಆದರೆ ಇದು ಎಲ್ಲರ ತಾವರೆ. ನಿಮ್ಮದೆಲ್ಲಿ?" ಎಂದು ವಾಪಸು ಕೊಟ್ಟರು. ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಕೂತಿತ್ತು. ಈ ಸಲವೂ ತಿರುಗಿಸಿ ಕಳಿಸಿದರೆ ಸಾಯೋ ತನಕ ಬ್ಲೌಸೇ ಗತಿ ಎಂದು ಗಂಡ ಪೂರ್ಣೇಶನೆದುರು ಶಪಥವನ್ನೂ ಮಾಡಿಯಾಗಿತ್ತು.

ಈ ಸಲ ಅವಳು ಹಿಡಿದದ್ದು ಹುಳು ತಿಂದ ಸಾಗುವಾನಿ ಎಲೆ. ಮಳೆಗಾಲದಲ್ಲಿ ನಮ್ಮ ಕಡೆ ಸಾಗುವಾನಿ ಎಲೆಗಳೆಲ್ಲ ನರವಷ್ಟೇ ಉಳಿದು ಬಲೆಯಾಗಿರುತ್ತವಲ್ಲ, ಅದೇ. ಅದರ ಮುಂದೆ ತಾವರೆಯನ್ನು ನಿವಾಳಿಸಿ ಒಗೆಯಬೇಕು ಎಂಬುದು ಅವಳ ಹಟ. ಮೊಳದುದ್ದದ ಎಲೆಯನ್ನು ಹಸಿರು ದಾರದಲ್ಲಿ ತುಂಬಿ, ನರಗಳ ನಡುವೆ ಬಟ್ಟೆಯನ್ನೇ ಕತ್ತರಿಸಿ ತೊಂಬತ್ತು ತೂತು ಮಾಡಿದಳು. ಒಂದೊಂದು ತೂತಿನ ಅಂಚಿಗೂ, ಅಂಗಿಯ ಗುಂಡಿಗೆ ಹಾಕುವ ಹಾಗೆ, ಕಾಜಾ ಹಾಕಿದಳು. ಯಾರಿಗೂ ತೋರಿಸದೆ ಹೊಲಿಯಲು ಮೂರು ತಿಂಗಳು ಹಿಡಿಯಿತು.

ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ತಂಗಿಯ ಸೀಮಂತ. ಹೋಗದಿದ್ದರಾದೀತೇ? ಎರಡು ದಿನ ಬಿಟ್ಟು, ಪ್ರದರ್ಶನದ ಹಿಂದಿನ ಸಂಜೆ ಮನೆಗೆ ಬಂದು ಬಟ್ಟೆ ಬಿಡಿಸಿ ನೋಡಿದಳು. ಎಲೆಯ ಎಡಭಾಗದಲ್ಲಿ ಒಂದೂ ತೂತಿರಲಿಲ್ಲ. ಅತ್ತೆ ವರದಮ್ಮ ಅಷ್ಟಕ್ಕೂ ಹಸಿರು ದಾರದಲ್ಲೇ ರಫೂ ಹಾಕಿದ್ದರು.

ತೂತು ಕಂಡರೆ ಸುಮ್ಮನಿರುವ ಜೀವವೇ ಅಲ್ಲ ಅದು. ಗೋಣಿಚೀಲದಿಂದ ಹಿಡಿದು ಮಗನ ಬನಿಯನ್ನಿನವರೆಗೆ ಆ ಮನೆಯಲ್ಲಿ ಅವರ ಸೂಜಿಯಿಂದ ತಪ್ಪಿಸಿಕೊಂಡ ತೂತಿಲ್ಲ.

"ಹುಳ ಹೊಡ್ದದೆ ಅಂದ್ಕಂಡೆ ಮಾರಾಯ್ತಿ," ಎಂದರು ವರದಮ್ಮ. "ಅರ್ಧ ಮುಗ್ಸಿ ಕನ್ನಡಕ ಒರೆಸ್ಕಂಡು ನೋಡ್ತೀನಿ, ಎಲ್ಲದಕ್ಕೂ ಕಾಜಾ. ಕಾಜಾ ಹಾಕೋ ಹುಳ ಯಾವ್ದಪ್ಪ ಅಂತ ಅಲ್ಲಿಗೇ ನಿಲ್ಸ್ದೆ."

ಬೈಯಲು ಬಾಯಿ ತೆರೆದವಳಿಗೆ ಅಳುವೇ ಮುಂದೆ ಬಂತು. ರಫೂ ಬಿಚ್ಚಿದರೆ ತೂತಿನ ಅಂಚು ಹರಿಯುತ್ತದೆ. ಬೆರಳಾಡಿಸಿದರಷ್ಟೇ ತಿಳಿಯುವಂಥ ರಫೂ. ಆ ಕೈಯನ್ನು ಮೆಚ್ಚದಿರಲು ಅವಳಿಂದಾಗಲಿಲ್ಲ, ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ನಾಳೆ ನೀವೂ ಸೀರೆ ಉಟ್ಕಂಡು ಹೊರಡಿ ಅತ್ತೆ," ಎಂದಳು. "ಕೇಳಿದ್ರೆ ನೀವೇ ಉತ್ತರ ಕೊಡಿ."

ಸಾಗರದಲ್ಲಿ ಅಪೇಕ್ಷಾ ಮೇಡಂ ಬಟ್ಟೆಯನ್ನು ಕಿಟಕಿಗೆ ಅಡ್ಡ ಹಿಡಿದರು. ಬಲಭಾಗದ ತೂತುಗಳಿಂದ ಬಿಸಿಲು ಇಳಿದು ನೆಲದ ತುಂಬ ಚೆಲ್ಲಿತು. ಎಡಭಾಗ ಮಾತ್ರ ತುಂಬಿದ ಹಸಿರಾಗಿಯೇ ಉಳಿಯಿತು. ಮೇಡಂ ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಹುಳು ತಿನ್ನುತ್ತಾ ಇರೋದೇ ಕಾಣುತ್ತಲ್ರೀ," ಎಂದರು ಕೊನೆಗೆ. "ಬರೀ ತೂತಾಗಿದ್ದಿದ್ದರೆ ಅದೊಂದು ಬಲೆ. ಅರ್ಧಕ್ಕೇ ನಿಲ್ಲಿಸೋ ಧೈರ್ಯ ಹೇಗೆ ಬಂತು ನಿಮಗೆ?"

ಹಾಗೇ ಹೊಳೆಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಮೂಲೆಯಲ್ಲಿ ತಪ್ಪು ಮಾಡಿದ ಮಗುವಿನಂತೆ ಸೆರಗು ಹಿಡಿದು ನಿಂತ ಅತ್ತೆ ಕಂಡರು.

"ಹೋದ ವರ್ಷ ನಿಮ್ಮದೆಲ್ಲಿ ಅಂತ ಕೇಳಿದ್ರಿ ಮೇಡಂ," ಎಂದಳು ದೀಪಶ್ರೀ. "ಇದ್ರಲ್ಲಿ ಅರ್ಧ ನಂದು. ಅರ್ಧ ನಮ್ಮತ್ತೆದು."

ಎಲೆ ಬಾಗಿಲಿಗೆ ಎದುರಾದ ಗೋಡೆಯನ್ನೇ ಏರಿತು, ಕೆಳಗೆ ಎರಡು ಹೆಸರು. ಮೊದಲ ಬಹುಮಾನವೂ ಅದಕ್ಕೇ. ಬಂದವರೆಲ್ಲ ಯಾವ ಹುಳು, ಯಾವ ಎಲೆ ಎಂದು ಮುತ್ತಿಕೊಂಡಾಗ ವರದಮ್ಮ ಸೊಸೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಸಂಜೆಯವರೆಗೂ ಒಂದೇ ಉತ್ತರ ಕೊಟ್ಟರು:

"ತಿಂದಿದ್ದು ಇವ್ಳು, ತುಂಬಿದ್ದು ನಾನು. ಹುಳದ್ದು ಇದ್ರಲ್ಲಿ ಎಂತದೂ ಇಲ್ಲ."