ಮುಟ್ಟಿದವರ ಹೆಸರು

ನಮ್ಮ ಕಂಪನಿಯಲ್ಲಿ ಒಂದು ತಪ್ಪಿಗೆ ಹೆಣ್ಣಿನ ಹೆಸರಿತ್ತು. ಪ್ರೋಗ್ರಾಂ ಬರೆಯುವಾಗ ಹೊಸಬರು ಯಾರಾದರೂ ಒಂದು ಸಾಲನ್ನು ಇರಬೇಕಾದ ಜಾಗಕ್ಕಿಂತ ಮೇಲೆ ಹಾಕಿಬಿಟ್ಟರೆ ಪಕ್ಕದ ಕುರ್ಚಿಯವರು ನಗುತ್ತಾ, "ಪ್ರೇಮಲೀಲಾ ಮಾಡ್ಬುಟ್ಟೆ ಕಣೋ" ಎನ್ನುತ್ತಿದ್ದರು. ಹಾಗೆನ್ನುವವರಲ್ಲಿ ಒಬ್ಬರೂ ಪ್ರೇಮಲೀಲಾಳನ್ನು ನೋಡಿದವರಲ್ಲ. ಕಂಪನಿಯ ಯಜಮಾನರಾದ ಚಂದ್ರಮೌಳಿಯವರನ್ನು ಬಿಟ್ಟರೆ ಅವಳನ್ನು ಕಂಡವಳು ನಾನೊಬ್ಬಳೇ. ಆ ತಪ್ಪು ಅವಳದ್ದಲ್ಲ, ನನ್ನದು.

೨೦೦೧ರಲ್ಲಿ ಯಾದವಗಿರಿಯ ಒಂದು ಬಂಗಲೆಯ ಮಹಡಿಯ ಮೇಲೆ ನಮ್ಮ ಕಂಪನಿ ಇತ್ತು. ಕಿವಿ ಮಂದವಾದವರಿಗೆ ಶ್ರವಣಯಂತ್ರ ಮಾಡುತ್ತಿದ್ದೆವು. ನನಗಾಗ ಮೂವತ್ತೇಳು. ಎಲೆಕ್ಟ್ರಾನಿಕ್ಸ್ ಓದಿ, ಮದುವೆಯಾಗಿ, ಹನ್ನೆರಡು ವರ್ಷ ಒಂಟಿಕೊಪ್ಪಲಿನ ಮನೆಯಲ್ಲಿ ಸೊಸೆಯಾಗಿದ್ದು, ಮಗಳು ದೊಡ್ಡ ಶಾಲೆಗೆ ಹೋದ ಮೇಲೆ ಹಟ ಹಿಡಿದು ಸೇರಿದ ಕೆಲಸ. ಆರು ತಿಂಗಳು ನೋಡುತ್ತೇವೆ, ಸರಿಹೋದರೆ ಖಾಯಂ ಎಂದಿದ್ದರು. ಅತ್ತೆ ಶಾರದಮ್ಮನವರು ಆ ಆರು ತಿಂಗಳನ್ನು ನನಗಿಂತ ಚೆನ್ನಾಗಿ ಎಣಿಸುತ್ತಿದ್ದರು.

ಪ್ರೇಮಲೀಲಾ ನನಗಿಂತ ಎಂಟು ವರ್ಷ ಚಿಕ್ಕವಳು, ಕೆಲಸದಲ್ಲಿ ನನ್ನ ಗುರು. ಯಂತ್ರದ ಮಿದುಳಾಗಿ ನಾವು ಬಳಸುತ್ತಿದ್ದ ಪ್ರೊಸೆಸರ್ ಒಂದು ಬಗೆಯದು. ಅದರಲ್ಲಿಲ್ಲದ ಆಜ್ಞೆಗಳನ್ನು ನಾವೇ ಸೇರಿಸಿಕೊಳ್ಳಬಹುದಿತ್ತು, ಮನೆ ಕಟ್ಟಿಸುವಾಗ ಬೇಕಾದ ಕಡೆ ಗೂಡು ಇಡಿಸಿಕೊಳ್ಳುವ ಹಾಗೆ. ನಾವು ಬರೆದ ಆಜ್ಞೆಗಳನ್ನು ಅದಕ್ಕೆ ತಿಳಿಯುವ ಅಂಕಿಗಳಾಗಿ ಮಾಡಿಕೊಡುವುದು ಅಸೆಂಬ್ಲರ್ ಎಂಬ ತಂತ್ರಾಂಶ. ಆ ಅಸೆಂಬ್ಲರ್‌ಗೆ ಒಂದು ಅಭ್ಯಾಸ. ನಾವು ಮೂರು ಬೈಟಿನ ಆಜ್ಞೆ ಬರೆದರೆ, ಎರಡು ಬೈಟಿನ ಇನ್ನೊಂದು ಅದೇ ಕೆಲಸ ಮಾಡುತ್ತದೆ ಎನಿಸಿದರೆ, ನಮ್ಮನ್ನು ಕೇಳದೆಯೇ ಬದಲಾಯಿಸಿಬಿಡುತ್ತಿತ್ತು. ಜಾಗ ಉಳಿಯಲಿ ಎಂದು. ಬಹಳ ಕಡೆ ಅದು ಉಪಕಾರವೇ.

ಪ್ರೇಮಲೀಲಾ ಬರೆದಿದ್ದ ಒಂದು ಭಾಗದಲ್ಲಿ ಮಾತ್ರ ಆ ಉಪಕಾರ ನಡೆಯುವಂತಿರಲಿಲ್ಲ. ಯಂತ್ರದ ಧ್ವನಿ ಹೆಚ್ಚು ಕಡಿಮೆ ಮಾಡುವ ತಿರುಗಣೆಗೆ ಹನ್ನೊಂದು ಮೆಟ್ಟಿಲು. ಒಂದೊಂದಕ್ಕೂ ಸರಿಯಾಗಿ ಆರು ಬೈಟ್. ತಿರುಗಣೆ ಏಳರಲ್ಲಿದ್ದರೆ ಪ್ರೋಗ್ರಾಂ ಲೆಕ್ಕ ಹಾಕಿ ಏಳನೆಯ ಮೆಟ್ಟಿಲಿಗೆ ನೇರ ಹಾರುತ್ತದೆ. ಕತ್ತಲಲ್ಲಿ ಎಣಿಸಿಕೊಂಡು ಮೆಟ್ಟಿಲು ಇಳಿಯುವಾಗ ಎಲ್ಲವೂ ಒಂದೇ ಎತ್ತರ ಇರಬೇಕಲ್ಲ, ಹಾಗೆ. ನಡುವೆ ಒಂದು ಕುಳ್ಳಗಾದರೆ ಮುಂದಿನದಕ್ಕೆ ಇಟ್ಟ ಕಾಲು ತಪ್ಪುತ್ತದೆ.

ಇಲ್ಲಿ ಮುಟ್ಟಬೇಡ ಎಂದು ಅಸೆಂಬ್ಲರ್‌ಗೆ ಹೇಳುವುದಕ್ಕೆ ಎರಡು ದಾರಿ. ಅದನ್ನು ನಡೆಸುವಾಗಲೇ ಒಂದು ಆಪ್ಷನ್ ಕೊಟ್ಟರೆ ಇಡೀ ಫೈಲನ್ನು ಮುಟ್ಟುವುದಿಲ್ಲ. ಇಲ್ಲವೇ ಫೈಲಿನ ಒಳಗೆ, ಇಲ್ಲಿಂದ ಶುರು ಎಂದೊಂದು ಸಾಲು, ಇಲ್ಲಿಗೆ ಮುಗಿಯಿತು ಎಂದೊಂದು ಸಾಲು ಬರೆದರೆ ನಡುವಿನದನ್ನಷ್ಟೇ ಮುಟ್ಟುವುದಿಲ್ಲ. ಇಂಥ ಸಾಲುಗಳಿಗೆ ಡೈರೆಕ್ಟಿವ್ ಎಂದು ಹೆಸರು. ಪ್ರೇಮಲೀಲಾ ಇಟ್ಟ ಹೆಸರು ಮಡಿ.

ಅವಳು ಆ ಹೆಸರಿಟ್ಟದ್ದು ನಮ್ಮ ಮನೆಗೆ ಬಂದುಹೋದ ಮಾರನೆಯ ದಿನ. ನಾನೇ ಒಂದು ಸಂಜೆ ಕಾಫಿಗೆ ಕರೆದಿದ್ದೆ. ಅವಳು ಮಾತಾಡುತ್ತಾ ನನ್ನ ಹಿಂದೆಯೇ ಅಡುಗೆಮನೆ ಬಾಗಿಲ ತನಕ ಬಂದಳು. ಒಳಗೆ ಮಡಿಯುಟ್ಟಿದ್ದ ಅತ್ತೆ, "ಅಲ್ಲೇ ಇರಮ್ಮ, ಮುಟ್ಟಬೇಡ" ಎಂದರು. ಬೈದದ್ದಲ್ಲ, ಮೆತ್ತಗೇ ಹೇಳಿದ್ದು. ಅವಳು ನಗುತ್ತಾ ಹಿಂದೆ ಸರಿದಳು. ಕಾಫಿ ಕುಡಿದ ಲೋಟವನ್ನು ಅತ್ತೆ ಕಣ್ಣಿನಲ್ಲೇ ತೋರಿಸಿದರು. ನಾನು ಅದನ್ನು ಹಿತ್ತಲ ನಲ್ಲಿಯ ಹತ್ತಿರ ಬೇರೆಯಾಗಿ ಬೋರಲು ಹಾಕಿದೆ. ಹೊರಡುವ ಮೊದಲು ಕೈ ತೊಳೆಯಲು ಹಿತ್ತಲಿಗೆ ಹೋದ ಪ್ರೇಮಲೀಲಾ ಅದನ್ನು ನೋಡಿದಳು. ನಾನು ಏನೂ ಹೇಳಲಿಲ್ಲ.

ಮಾರನೆಯ ದಿನ ತೆರೆಯ ಮೇಲೆ ಆ ಎರಡು ಸಾಲು ತೋರಿಸಿ, "ಇದು ನಿಮ್ಮತ್ತೆ ಕಣಕ್ಕ. ಇಲ್ಲಿ ಮಡಿ ಶುರು, ಇಲ್ಲಿಗೆ ಮುಗೀತು. ನಮ್ಮಲ್ಲೂ ಇದೆ, ಲಿಂಗಪೂಜೆ ಆಗೋವರ್ಗೂ. ನಮ್ದು ಬೇಗ ಮುಗ್ದೋಗುತ್ತೆ" ಎಂದಳು. ನಾನೂ ನಕ್ಕೆ. ಆ ತಮಾಷೆಯಿಂದಲೇ ಇನ್ನೊಂದು ಪದ್ಧತಿಯೂ ಬಂತು. ಫೈಲಿನ ತಲೆಯಲ್ಲಿ, ಯಾರು ಏನು ಬದಲಾಯಿಸಿದರೂ ತಾರೀಖು ಹಾಕಿ "ಮುಟ್ಟಿದವರು" ಎಂದು ಹೆಸರು ಬರೆಯಬೇಕು. ಅವಳು ಮಾಡಿದ ನಿಯಮ. ಧ್ವನಿಯ ಭಾಗದ ಫೈಲಿನಲ್ಲಿ ಇದ್ದದ್ದು ಅವಳದೊಂದೇ ಹೆಸರು. ಆ ಫೈಲಿಗೆ ಅವಳು ಆಪ್ಷನ್‌ನಿಂದ ಇಡೀ ಮಡಿ ಕೊಟ್ಟಿದ್ದಳು.

ನವೆಂಬರಿನಲ್ಲಿ ಪ್ರೋಗ್ರಾಂ ಪ್ರೊಸೆಸರಿನ ಚಿಪ್ಪಿನೊಳಗೆ ಹಿಡಿಸಲಿಲ್ಲ. ನಲವತ್ತು ಬೈಟ್ ಹೆಚ್ಚಾಗಿತ್ತು. ಸೋಮವಾರ ಯಂತ್ರಗಳು ಪರೀಕ್ಷೆಗೆ ಹೋಗಬೇಕು. ಪ್ರೇಮಲೀಲಾ ತಂಗಿಯ ಮದುವೆಗೆಂದು ಸುತ್ತೂರಿಗೆ ಹೋಗಿದ್ದಳು. ಹಿಡಿಸಲಿಲ್ಲವೆಂದು ಯಾರಿಗೂ ಹೇಳದೆ ಶನಿವಾರ ಮಧ್ಯಾಹ್ನ ನಾನೊಬ್ಬಳೇ ಕೂತು ನೋಡಿದೆ. ಮನೆಗೆಲ್ಲಾ ಮಡಿ ಯಾಕೆ, ಅಡುಗೆಮನೆಗಿದ್ದರೆ ಸಾಲದೇ ಎನಿಸಿತು. ಆಪ್ಷನ್ ತೆಗೆದೆ. ಮೆಟ್ಟಿಲುಗಳ ಮೇಲೆ ಶುರು ಎಂದು ಬರೆದೆ, ಕೆಳಗೆ ಮುಗಿಯಿತು ಎಂದು ಬರೆದೆ. ಉಳಿದ ಕಡೆಯೆಲ್ಲ ಅಸೆಂಬ್ಲರ್ ಕುಗ್ಗಿಸಿ ಅರವತ್ತು ಬೈಟ್ ಉಳಿಸಿಕೊಟ್ಟಿತು. ನನ್ನಷ್ಟಕ್ಕೆ ನನಗೇ ಈ ಉಪಾಯ ಹೊಳೆಯಿತಲ್ಲ ಎಂದು ಎಷ್ಟು ಖುಷಿಯಾಗಿತ್ತೆಂದರೆ, ಮನೆಗೆ ಹೋಗುವಾಗ ಮೊಳ ಮಲ್ಲಿಗೆ ಕೊಂಡು ಮುಡಿದೆ.

ತೆರೆಯಲ್ಲಿ ಎಂಟನೆಯ ಮೆಟ್ಟಿಲಿಗೆ ಪುಟ ಮುಗಿಯುತ್ತಿತ್ತು. ನಾನು ಮುಗಿಯಿತು ಎಂದು ಬರೆದದ್ದು ಆ ಪುಟದ ಕೊನೆಯಲ್ಲಿ. ಕೊನೆಯ ಮೂರು ಮೆಟ್ಟಿಲು ಮಡಿಯ ಹೊರಗೆ ಉಳಿದವು. ಯಂತ್ರವನ್ನು ಕಿವಿಗಿಟ್ಟು ನೋಡಿದೆನಾದರೂ ಕಿವಿ ಚೆನ್ನಾಗಿರುವವರು ಯಾರೂ ಎಂಟರ ಮೇಲೆ ತಿರುಗಿಸುತ್ತಿರಲಿಲ್ಲ, ಅಷ್ಟು ಜೋರು. ಫೈಲಿನ ತಲೆಯಲ್ಲಿ ಹೆಸರು ಹಾಕಲಿಲ್ಲ. ಪ್ರೇಮಲೀಲಾ ಬಂದ ಮೇಲೆ ಬಾಯಲ್ಲೇ ಹೇಳಿ ಮೆಚ್ಚಿಸೋಣ ಎಂದುಕೊಂಡಿದ್ದೆ.

ಪರೀಕ್ಷೆಗೆಂದು ಯಂತ್ರ ಹಾಕಿಸಿಕೊಂಡವರಲ್ಲಿ ಮಹದೇವಯ್ಯ ಎಂಬ ನಿವೃತ್ತ ಮೇಷ್ಟ್ರೊಬ್ಬರು. ಬುಧವಾರ ಮೊಮ್ಮಗಳ ಹಾಡು ಕೇಳಲೆಂದು ತಿರುಗಣೆಯನ್ನು ಹತ್ತಕ್ಕೆ ತಂದರು. ಪ್ರೋಗ್ರಾಂ ಕಾಲು ತಪ್ಪಿತು. ಕಿವಿಯೊಳಗೆ ಕಬ್ಬಿಣ ಉಜ್ಜಿದಂಥ ಕಿರುಚಲು. ಕಿತ್ತೆಸೆದರೂ ನಾಲ್ಕು ದಿನ ತಲೆಯಲ್ಲಿ ಅದೇ ಸದ್ದು ಎಂದು ಅವರ ಮಗ ಬಂದು ಹೇಳಿ ಯಂತ್ರವನ್ನು ಮೇಜಿನ ಮೇಲಿಟ್ಟು ಹೋದರು. ಇನ್ನು ಯಾವ ಯಂತ್ರವೂ ಬೇಡವಂತೆ ಅವರಿಗೆ. ಪರೀಕ್ಷೆ ನಿಂತಿತು.

ಮದುವೆ ಮುಗಿಸಿ ಅಂದೇ ಕೆಲಸಕ್ಕೆ ಮರಳಿದ್ದ ಪ್ರೇಮಲೀಲಾ ಮಧ್ಯಾಹ್ನ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ಅಸೆಂಬ್ಲರ್ ಕೊಟ್ಟ ಪಟ್ಟಿ. ಎಂಟು ಮೆಟ್ಟಿಲು ಆರಾರು ಬೈಟ್, ಕೊನೆಯ ಮೂರು ಐದೈದು.

"ನಾನು ಮನೆಗೆಲ್ಲಾ ಮಡಿ ಹಾಕಿದ್ದೆ ಕಣಕ್ಕ," ಎಂದಳು. ಅಷ್ಟೇ. ಹಾಳೆಯ ಮೇಲೆ ಬೆರಳಿಟ್ಟು ಕಾದಳು.

ಕಂಪನಿಯಲ್ಲಿ ಈ ಫೈಲು ತೆರೆಯಬಲ್ಲವರು ನಾವಿಬ್ಬರೇ. ಅವಳು ಪ್ರಶ್ನೆ ಕೇಳುತ್ತಿರಲಿಲ್ಲ, ನನಗೆ ಸಮಯ ಕೊಡುತ್ತಿದ್ದಳು. ನನ್ನ ಆರು ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ. "ಹೌದಾ, ನೋಡ್ಬೇಕು," ಎಂದೆ. ಅವಳು ಹಾಳೆ ಮಡಿಸಿಕೊಂಡು ಎದ್ದಳು.

ಸಂಜೆ ಚಂದ್ರಮೌಳಿಯವರು ಇಬ್ಬರನ್ನೂ ಕರೆಸಿದರು. ಕೂಗಾಡುವ ಮನುಷ್ಯರಲ್ಲ. ಫೈಲು ತೆರೆಸಿ, "ಯಾರಮ್ಮ ಇದನ್ನ ಮುಟ್ಟಿದ್ದು?" ಎಂದು ಕೇಳಿದರು.

ಪ್ರೇಮಲೀಲಾ ನನ್ನ ಕಡೆ ನೋಡಿದಳು. ನಾನು ಮಹದೇವಯ್ಯನವರ ಯಂತ್ರವನ್ನು ನೋಡಿದೆ. ಅದರ ತಿರುಗಣೆ ಇನ್ನೂ ಹತ್ತರಲ್ಲೇ ಇತ್ತು.

"ಅದರಲ್ಲಿ ನನ್ನ ಹೆಸರೇ ಇದೆಯಲ್ಲ ಸರ್," ಎಂದಳು ಅವಳು.

ಸುಳ್ಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಸುಳ್ಳೇ ಇಲ್ಲದೆ ಎಂಥ ಸುಳ್ಳು ಕಟ್ಟಬಹುದೆಂದು ನಾನು ಅಂದು ಕಂಡೆ. ಆ ತಿಂಗಳ ಕೊನೆಗೆ ಅವಳು ಕೆಲಸ ಬಿಟ್ಟಳು. ಬಿಡಿಸಿದರು ಎಂದರೂ ಸರಿಯೇ. ನನಗೆ ಖಾಯಂ ಆಯಿತು. ಅತ್ತೆ ಅಂದು ಪಾಯಸ ಮಾಡಿದರು.

ಹೊಸಬರಿಗೆ ಕಲಿಸುವ ಕೆಲಸ ಆಮೇಲೆ ನನ್ನ ಪಾಲಿಗೆ ಬಂತು. ಮಡಿಯ ಪಾಠ ಮಾಡುವಾಗ ಚಂದ್ರಮೌಳಿಯವರೇ ಒಮ್ಮೆ ಬಂದು ನಿಂತು, ಪ್ರೇಮಲೀಲಾ ಅಂತ ಒಬ್ಬಳಿದ್ದಳು, ಹೀಗೆ ಮಾಡಿದಳು, ನೀವು ಮಾಡಬೇಡಿ ಎಂದರು. ಮರುವರ್ಷ ಅದನ್ನು ನಾನೇ ಹೇಳಬೇಕಾಯಿತು. ಮೊದಲ ಸಲ ಹೆಸರು ಹೇಳದೆ ಒಬ್ಬಳಿದ್ದಳು ಎಂದಷ್ಟೇ ಹೇಳಿದೆ. ಮೂರನೆಯ ಸಲಕ್ಕೆ ಹೆಸರು ಹಿಡಿದೇ ಹೇಳಿದೆ. ಇದನ್ನು ಬರೆಯುವುದು ಉಳಿದೆಲ್ಲಕ್ಕಿಂತ ಕಷ್ಟವಾಗುತ್ತಿದೆ.

೨೦೦೯ರಲ್ಲಿ ಶಿಲ್ಪಶ್ರೀ ಎಂಬ ಹುಡುಗಿ ಸೇರಿದಳು. ಒಂದು ದಿನ ನೋಟ್‌ಬುಕ್ಕು ಹಿಡಿದು ನನ್ನ ಮೇಜಿಗೆ ಬಂದು, "ಮೇಡಂ, ಈ ಪ್ರೇಮಲೀಲಾ ಅನ್ನೋದು ಅಸೆಂಬ್ಲರ್ ಪುಸ್ತಕದಲ್ಲಿ ಎಲ್ಲಿ ಬರುತ್ತೆ? ಹುಡುಕ್ದೆ, ಸಿಗ್ಲಿಲ್ಲ" ಎಂದಳು. ಅವಳು ಅದನ್ನು ಒಂದು ಪಾರಿಭಾಷಿಕ ಪದ ಎಂದುಕೊಂಡಿದ್ದಳು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅಡಿಗೆರೆ ಎಳೆದಿದ್ದಳು.

ಮನುಷ್ಯಳೊಬ್ಬಳ ಹೆಸರು ಅದು, ಎನ್ನಲು ಬಾಯಿ ತೆರೆದೆ. ಆಮೇಲೆ ಯಾರು, ಏನು ಮಾಡಿದಳು ಎಂದು ಕೇಳುತ್ತಾಳೆ. ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ಆ ಸಂಜೆ ವಿಜಯನಗರಕ್ಕೆ ಹೋದೆ. ಪ್ರೇಮಲೀಲಾ ಅಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆಂದು ಎಷ್ಟೋ ವರ್ಷದಿಂದ ಗೊತ್ತಿತ್ತು. ಬಾಗಿಲಲ್ಲಿ ಹನ್ನೆರಡು ಜೊತೆ ಚಪ್ಪಲಿ. ಕೂದಲು ಸ್ವಲ್ಪ ನರೆತಿತ್ತು. "ಬನ್ನಿ ಅಕ್ಕ" ಎಂದು, ಮಕ್ಕಳಿಗೆ ಲೆಕ್ಕ ಕೊಟ್ಟು, ನನ್ನನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ಸ್ಟೂಲ್ ಹಾಕಿದಳು. ಅತ್ತೆ ಹೇಗಿದ್ದಾರೆಂದು ಕೇಳಿದಳು. ಹೋಗಿ ಎರಡು ವರ್ಷವಾಯಿತು ಎಂದೆ.

ಕಾಫಿ ಲೋಟ ಕೈಗೆ ಬರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಪುಟದ ಕೊನೆ, ಎಂಟನೆಯ ಮೆಟ್ಟಿಲು, ಒಂಬತ್ತು ದಿನ, ಹೆಸರು ಹಾಕದ್ದು. ಅವಳು ಹಾಲು ಉಕ್ಕದಂತೆ ನೋಡಿಕೊಳ್ಳುತ್ತಾ ಕೇಳಿದಳು.

"ಗೊತ್ತಿತ್ತಲ್ಲಕ್ಕ," ಎಂದಳು. "ಬರೆದೋಳು ನಾನಲ್ಲ ಅಂದ್ರೆ ಇನ್ಯಾರು?"

"ಹೇಳಬೋದಿತ್ತು ನೀನು."

"ಹೇಳ್ಬೋದಿತ್ತು. ನೀವೇ ಹೇಳ್ತೀರ ಅಂತ ಕಾಯ್ದೆ. ಅವತ್ತು ಲೋಟದ ವಿಷ್ಯಕ್ಕೂ ಕಾಯ್ದಿದ್ದೆ." ಒಲೆ ಆರಿಸಿದಳು. "ಎರಡ್ ಸಲ ಆದ್ಮೇಲೆ ಸಾಕು ಅನ್ನಿಸ್ಬುಡ್ತು."

ಕಚೇರಿಯಲ್ಲಿ ಅವಳ ಹೆಸರು ಏನಾಗಿದೆ ಎಂಬುದನ್ನೂ ಹೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಮುಖ ತಿರುಗಿಸಿ ಸ್ವಲ್ಪ ಹೊತ್ತು ಸಕ್ಕರೆ ಡಬ್ಬಿಯ ಮುಚ್ಚಳ ಹಾಕುತ್ತಾ ತೆಗೆಯುತ್ತಾ ನಿಂತಳು. ನಾನು ತಪ್ಪಾಯಿತು ಎಂದೆ. ಕ್ಷಮಿಸು ಎಂದೂ ಅಂದೆ.

"ನಂಗೆ ಬಂದು ಹೇಳಿದ್ರೆ ಏನ್ ಬಂತು? ನಂಗೆ ಗೊತ್ತಿರೋದೇ. ಗೊತ್ತಿಲ್ದೋರಿಗೆ ಹೇಳ್ಬೇಕು ಕಣಕ್ಕ ನೀವು." ಆಮೇಲೆ ಕಾಫಿ ಕೊಟ್ಟಳು. ಕುಡಿದಾದ ಮೇಲೆ ನಾನು ಲೋಟ ತೊಳೆಯಲು ಎದ್ದರೆ, "ಇಡಿ ಅಲ್ಲೇ, ಎಲ್ಲದ್ರ ಜೊತೆ ತೊಳೀತೀನಿ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಮಕ್ಕಳ ಹತ್ತಿರ ಹೋದಳು.

ಮಾರನೆಯ ಬೆಳಿಗ್ಗೆ ಮೊದಲು ಚಂದ್ರಮೌಳಿಯವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಎಂಟು ವರ್ಷ ಆಯ್ತಲ್ಲಮ್ಮ," ಎಂದರು. ಆಮೇಲೆ ಪ್ರೇಮಲೀಲಾಳ ವಿಳಾಸ, ಮಹದೇವಯ್ಯನವರ ವಿಳಾಸ ಎರಡನ್ನೂ ಬರೆದುಕೊಡಲು ಹೇಳಿದರು. ಮಹದೇವಯ್ಯನವರು ತೀರಿಕೊಂಡಿದ್ದಾರೆಂದು ನನಗೆ ಗೊತ್ತಿತ್ತು. ಒಂದೇ ವಿಳಾಸ ಬರೆದುಕೊಟ್ಟೆ.

ಹನ್ನೊಂದು ಗಂಟೆಗೆ ಹೊಸಬರ ಪಾಠ. ಆ ಹಳೆಯ ಫೈಲನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೆರೆದೆ. ತಲೆಯಲ್ಲಿ ಅವಳ ಹೆಸರಿನ ಕೆಳಗೆ, ೨೦೦೧ರ ಆ ಶನಿವಾರದ ತಾರೀಖು ಹಾಕಿ, ಮುಟ್ಟಿದವರು ಪಂಕಜಾ, ಎಂದು ಬರೆದೆ. ಬರೆದು, ನಡೆದದ್ದನ್ನು ಹೇಳಿದೆ. ಎಂಟನೆಯ ಮೆಟ್ಟಿಲ ಹತ್ತಿರ ಒಮ್ಮೆ ನಿಂತೆ, ಮತ್ತೆ ಹೇಳಿದೆ.

ಕೊನೆಗೆ ಶಿಲ್ಪಶ್ರೀ ನೋಟ್‌ಬುಕ್ಕು ತೆರೆದು, ಅಡಿಗೆರೆ ಎಳೆದಿದ್ದ ಆ ಪದದ ಮೇಲೆ ಪೆನ್ನಿಟ್ಟು ಕೇಳಿದಳು:

"ಹಾಗಾದ್ರೆ ಇದನ್ನ ಹೊಡೆದಾಕಿ ನಿಮ್ಮ ಹೆಸರು ಬರ್ಕೊಳ್ಳಾ ಮೇಡಂ?"

ಹಿಂದಿನ ಸಾಲಿನವರು ಯಾರೋ ಅವಳನ್ನು ಸುಮ್ಮನಿರಿಸಲು ನೋಡಿದರು.

"ಬರ್ಕೋಮ್ಮ," ಎಂದೆ.